ಸಾಲು ಸರಿ ಮಾಡೋದು ಯಾರ ಕೆಲಸ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ನಾಲ್ಕಾರು ಜನ ಸೇರಿ ಬರೆಯುವ ಕಂಪ್ಯೂಟರ್ ಪ್ರೋಗ್ರಾಮಿನ ಕೋಡಿನಲ್ಲಿ ಸ್ಪೇಸು, ಟ್ಯಾಬು, ಕೋಟ್ ಚಿಹ್ನೆ, ಸಾಲಿನ ಉದ್ದ ಇವನ್ನೆಲ್ಲ ಒಂದೇ ಥರ ಇಡುವುದು ಹೇಗೆ, ಒಪ್ಪದವರನ್ನು ಒಪ್ಪಿಸುವುದು ಹೇಗೆ ಅಂತ. ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಕೋಡ್ ಬರೆಯುವ ಕೆಲಸ ಮಾಡಿದೆ. ಈಗ ಆರು ವರ್ಷದಿಂದ ದಾವಣಗೆರೆಯ ಮನೆಯಲ್ಲೇ ಕೂತು ಮಾಡುತ್ತಿದ್ದೇನೆ. ಇಷ್ಟು ಚಿಕ್ಕ ವಿಷಯಕ್ಕೆ ಒಳ್ಳೊಳ್ಳೆ ಸ್ನೇಹಗಳು ಕೆಟ್ಟದ್ದನ್ನು ಕಂಡಿದ್ದೇನೆ. ಈ ಸಂಚಿಕೆ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಆರು ಜನರ ಸಣ್ಣ ಕಂಪನಿ. ಎಪಿಎಂಸಿಯ ದಲ್ಲಾಳಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಸರ್ವರ್ ಕಡೆ ಪೈಥಾನ್, ಸ್ಕ್ರೀನ್ ಕಡೆ ಜಾವಾಸ್ಕ್ರಿಪ್ಟ್. ಮೂವರ ಹತ್ತಿರ ವಿಂಡೋಸ್, ಇಬ್ಬರ ಹತ್ತಿರ ಉಬುಂಟು, ಒಬ್ಬರದು ಮ್ಯಾಕ್. ಎರಡು ವರ್ಷದ ಹಿಂದೆ ಕೋಡ್ ಹೇಗೆ ಬರೆಯಬೇಕು ಅಂತ ಹನ್ನೊಂದು ಪುಟದ ನಿಯಮ ಬರೆದು ಎಲ್ಲರಿಗೂ ಕೊಟ್ಟೆ. ಯಾರೂ ಪಾಲಿಸುತ್ತಿಲ್ಲ. ಪ್ರತಿ ರಿವ್ಯೂನಲ್ಲೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವಾಗ, ನಾನೇ ಹೇಳಿ ಹೇಳಿ ಸಾಕಾಗಿದೆ. ಹೋದ ವಾರ ನಮ್ಮ ಹುಡುಗನೊಬ್ಬ "ಅಣ್ಣ, ನೀವು ಕೋಡ್ ನೋಡ್ತಿಲ್ಲ, ಸ್ಪೇಸ್ ಎಣಿಸ್ತಿದೀರಿ" ಅಂದುಬಿಟ್ಟ. ಕಡ್ಡಾಯ ಮಾಡುವುದು ಹೇಗೆ? ತಪ್ಪಿಗೆ ಐವತ್ತು ರೂಪಾಯಿ ದಂಡ ಹಾಕುವ ಯೋಚನೆಯೂ ಇದೆ.
— ತಂಡದ ಮುಖ್ಯಸ್ಥ, ದಾವಣಗೆರೆ

ಉತ್ತರ: ದಂಡ ಬೇಡ. ದಯವಿಟ್ಟು ಬೇಡ. ಆ ಹುಡುಗನ ಮಾತು ನಿಮಗೆ ಚುಚ್ಚಿರಬಹುದು, ಆದರೆ ಅವನು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾನೆ. ನಿಮ್ಮ ನಿಯಮದ ಮೇಲೆ ಅವನಿಗೆ ಸಿಟ್ಟಿಲ್ಲ. ಅದನ್ನು ದಿನಾ ನಿಮ್ಮ ಬಾಯಲ್ಲಿ ಕೇಳಬೇಕಲ್ಲ, ಅದಕ್ಕೆ ಸಿಟ್ಟು. ಹೇಳುವ ಕೆಲಸವನ್ನು ನಿಮ್ಮ ತಲೆಯಿಂದ ಇಳಿಸಿ ಯಂತ್ರಕ್ಕೆ ಕೊಡಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಹೇಗೆ ಕೊಡಬೇಕು ಅನ್ನುವುದು ಮಾತ್ರ ಸ್ವಲ್ಪ ಉದ್ದದ ಕಥೆ.

ನಮ್ಮಪ್ಪ ಇದೇ ಊರಿನ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಕಿರ್ದಿ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಚೀಲ, ಆಮೇಲೆ ತೂಕ, ಆಮೇಲೆ ದರ, ಕೊನೆಗೆ ಹಮಾಲಿ. ಆ ಅಂಕಣಗಳ ಗೆರೆಯನ್ನು ಅಪ್ಪ ಎಳೆದಿರಲಿಲ್ಲ. ಪುಸ್ತಕ ಅಚ್ಚಾಗಿ ಬರುವಾಗಲೇ ಇರುತ್ತಿದ್ದವು. ಒಂದು ಸಲ ಟೈಫಾಯ್ಡ್ ಬಂದು ಅಪ್ಪ ಇಪ್ಪತ್ತು ದಿನ ಮಲಗಿದರು. ಬೇರೆಯವರು ಬಂದು ಅದೇ ಪುಟದಲ್ಲಿ, ಅಪ್ಪ ಬಿಟ್ಟ ಸಾಲಿನ ಕೆಳಗಿನಿಂದಲೇ ಬರೆದುಕೊಂಡು ಹೋದರು. "ಇದೇನು ಬರೆದಿದೀರಿ" ಅಂತ ಕೇಳಲು ಯಾರೂ ಮನೆಗೆ ಬರಲಿಲ್ಲ. ಅಂಕಣದ ಗೆರೆ ಹೇಗಿರಬೇಕು ಅಂತ ಮಂಡಿ ಯಜಮಾನರು ಗುಮಾಸ್ತರ ಜೊತೆ ಜಗಳ ಆಡಿದ್ದನ್ನೂ ನಾನು ಕೇಳಿಲ್ಲ. ನಿಮ್ಮ ಹನ್ನೊಂದು ಪುಟದ ನಿಯಮ ಬರೀ ಗೆರೆಯ ವರ್ಣನೆ. ನಿಮಗೆ ಬೇಕಾದ್ದು ಗೆರೆ ಹಾಕಿಯೇ ಬಂದ ಪುಸ್ತಕ.

ಅದು ಈಗ ಪುಕ್ಕಟೆ ಸಿಗುತ್ತದೆ. ಹೆಸರು ಫಾರ್ಮ್ಯಾಟರ್, ಕೋಡಿನ ಸಾಲುಗಳನ್ನು ತಾನೇ ಒಂದೇ ಥರ ಜೋಡಿಸುವ ಸಾಧನ. ಪೈಥಾನಿಗೆ ಬ್ಲ್ಯಾಕ್ ಇದೆ. ವುಕಾಶ್ ಲಾಂಗಾ ಅವರು 2018ರಲ್ಲಿ ಹೊರತಂದದ್ದು. ಜಾವಾಸ್ಕ್ರಿಪ್ಟಿಗೆ ಪ್ರೆಟಿಯರ್ ಇದೆ. ಜೇಮ್ಸ್ ಲಾಂಗ್ ಅವರು 2017ರಲ್ಲಿ ಶುರುಮಾಡಿದ್ದು. ಗೋ ಭಾಷೆಯಂತೂ 2009ರಲ್ಲಿ ಹೊರಬರುವಾಗಲೇ ಗೋಫಮ್ಟ್ ಅನ್ನುವ ಫಾರ್ಮ್ಯಾಟರನ್ನು ಕೈಯಲ್ಲಿ ಹಿಡಿದುಕೊಂಡೇ ಬಂತು. ಇವುಗಳ ದೊಡ್ಡ ಗುಣ ಏನೆಂದರೆ ನಮ್ಮ ಇಷ್ಟ ಕೇಳುವುದು ಬಹಳ ಕಡಿಮೆ. ಬ್ಲ್ಯಾಕ್ ಸಾಲನ್ನು 88 ಅಕ್ಷರಕ್ಕೆ ಮಡಚುತ್ತದೆ, ಪ್ರೆಟಿಯರ್ 80ಕ್ಕೆ. ಹಾಗೇ ಇರಲಿ ಬಿಡಿ. "ನಮಗೆ 100 ಇದ್ದರೆ ಚೆನ್ನ" ಅಂತ ಮೀಟಿಂಗ್ ಕರೆದರೆ ಮತ್ತೆ ಅದೇ ಜಗಳ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತದೆ. ಸಾಲು ಜೋಡಿಸುವಾಗ ಕೋಡ್ ಕೆಟ್ಟರೆ ಅನ್ನುವ ಭಯ ಕೆಲವರಿಗೆ ಇರುತ್ತದೆ. ಬ್ಲ್ಯಾಕ್ ಜೋಡಿಸಿದ ಮೇಲೆ ಪ್ರೋಗ್ರಾಮಿನ ಅರ್ಥ ಮೊದಲಿನಂತೆಯೇ ಇದೆಯಾ ಅಂತ ತಾನೇ ಹೋಲಿಸಿ ನೋಡುತ್ತದೆ.

ಒಂದು ಎಚ್ಚರ. ಆರೂ ಜನರ ಹತ್ತಿರ ಒಂದೇ ಆವೃತ್ತಿ ಇರಬೇಕು. ಪ್ರೆಟಿಯರ್ 2023ರಲ್ಲಿ ಮೂರನೇ ಆವೃತ್ತಿಗೆ ಬಂದಾಗ, ಪಟ್ಟಿಯ ಕೊನೆಯ ಅಲ್ಪವಿರಾಮದ ನಿಯಮವನ್ನೇ ಬದಲಾಯಿಸಿತು. ಒಬ್ಬರ ಹತ್ತಿರ ಎರಡು, ಇನ್ನೊಬ್ಬರ ಹತ್ತಿರ ಮೂರು ಇದ್ದರೆ ಇವರು ಹಾಕಿದ ಅಲ್ಪವಿರಾಮವನ್ನು ಅವರ ಯಂತ್ರ ತೆಗೆಯುತ್ತದೆ, ಅವರು ತೆಗೆದದ್ದನ್ನು ಇವರ ಯಂತ್ರ ಹಾಕುತ್ತದೆ. ಆವೃತ್ತಿಯ ಸಂಖ್ಯೆಯನ್ನು ರೆಪೊದಲ್ಲೇ (ತಂಡದ ಕೋಡೆಲ್ಲ ಇಡುವ ಉಗ್ರಾಣ) ಬರೆದು ಕಟ್ಟಿಹಾಕಿ.

ಇನ್ನು ವಿಂಡೋಸ್ ವಿಷಯ. ಇದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ಪೆಟ್ಟು ಬಿದ್ದದ್ದು ಇಲ್ಲೇ. ನಿಮ್ಮ ಥರದ್ದೇ ಒಂದು ಮಂಡಿ ಸಾಫ್ಟ್‌ವೇರನ್ನು ನಾನೂ ನೋಡಿಕೊಳ್ಳುತ್ತೇನೆ. ಹೋದ ವರ್ಷ ಒಂದು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ ಬಂತು. ತೂಕ ಲೆಕ್ಕ ಹಾಕುವ ಫೈಲು, 640 ಸಾಲು. ತೆರೆದರೆ 640 ಸಾಲೂ ಕೆಂಪು (ತೆಗೆದದ್ದು), 640 ಸಾಲೂ ಹಸಿರು (ಸೇರಿಸಿದ್ದು). ಬರೆದ ಹುಡುಗಿ ಮುಟ್ಟಿದ್ದು ಒಂದೇ ಸಾಲು. ಆದರೆ ಅವಳು ಕೋಡ್ ಬರೆಯುವ ಸಾಫ್ಟ್‌ವೇರು, ಅಂದರೆ ಎಡಿಟರು, ಫೈಲಿನ ಪ್ರತಿ ಸಾಲಿನ ತುದಿಯನ್ನೂ ಬದಲಾಯಿಸಿತ್ತು. ಸಾಲು ಮುಗಿಯಿತು ಅಂತ ಹೇಳಲು ವಿಂಡೋಸ್ ಕಣ್ಣಿಗೆ ಕಾಣದ ಎರಡು ಅಕ್ಷರ ಹಾಕುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದೇ ಹಾಕುತ್ತವೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಣ್ಣಿಗೆ ಎಲ್ಲ ಸಾಲೂ ಹೊಸದು.

ಮೊದಲು ನೋಡಿದವರು ಸ್ವಲ್ಪ ಮೇಲೆ ಕೆಳಗೆ ಮಾಡಿ ಓಕೆ ಕೊಟ್ಟಿದ್ದರು. 640 ಸಾಲನ್ನು ಯಾರು ತಾನೇ ಓದುತ್ತಾರೆ? ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದೆ ವ್ಯತ್ಯಾಸ ತೋರಿಸು ಅಂತ ನಾನು ಗಿಟ್‌ಗೆ ಹೇಳಿದೆ. ಉಳಿದದ್ದು ಒಂದು ಸಾಲು. ಖಾಲಿ ಚೀಲದ ತೂಕ ಕಳೆಯುವ ಸಾಲು ಅದು. ಚೀಲದ ಸಂಖ್ಯೆಯಿಂದ ಗುಣಿಸುವ ಬದಲು ಕ್ವಿಂಟಾಲಿನಿಂದ ಗುಣಿಸಿತ್ತು. ಅರವತ್ತು ಕಿಲೊದ 120 ಚೀಲ ಮೆಕ್ಕೆಜೋಳ ಬಂದಿದೆ ಅನ್ನಿ, ಖಾಲಿ ಚೀಲ ಒಂದಕ್ಕೆ 600 ಗ್ರಾಂ. ಕಳೆಯಬೇಕಾದ್ದು 72 ಕಿಲೊ. ಈ ಸಾಲು ಕಳೆಯುತ್ತಿದ್ದದ್ದು 43 ಕಿಲೊ 200 ಗ್ರಾಂ. ಒಂದೇ ಲೋಡಿಗೆ 28 ಕಿಲೊ 800 ಗ್ರಾಂ ವ್ಯತ್ಯಾಸ. ತಕ್ ಪಟ್ಟಿಯ (ಮಂಡಿಯ ಲೆಕ್ಕದ ಚೀಟಿ) ಮೇಲೆ ತಪ್ಪು ಅಂಕಿ ಬಂದರೆ ರೈತರ ಮುಂದೆ, ಖರೀದಿದಾರರ ಮುಂದೆ ಉತ್ತರ ಹೇಳಬೇಕಾದ್ದು ಅಂಗಡಿಯವರು. ಕೋಡಿನ ಸಾಲು ನೇರ ಇರಬೇಕು ಅಂತ ನಾನು ಹಟ ಹಿಡಿಯುವುದು ಅಂದಕ್ಕಲ್ಲ ಅಂತ ಅವತ್ತು ಇಡೀ ತಂಡಕ್ಕೆ ಗೊತ್ತಾಯಿತು.

ಇದಕ್ಕೆ ಮದ್ದು ಎರಡು ಪುಟ್ಟ ಫೈಲು. ರೆಪೊದ ಬುಡದಲ್ಲಿ ಗಿಟ್‌ಆಟ್ರಿಬ್ಯೂಟ್ಸ್ ಫೈಲಿಟ್ಟು, ಎಲ್ಲ ಪಠ್ಯ ಫೈಲುಗಳ ಸಾಲೂ ಲಿನಕ್ಸ್ ರೀತಿಯಲ್ಲೇ ಮುಗಿಯಬೇಕು ಅಂತ ಬರೆಯಿರಿ. ಆಮೇಲೆ ಗಿಟ್‌ನ ರೀನಾರ್ಮಲೈಸ್ ಕಮಾಂಡನ್ನು ಒಂದು ಸಲ ಓಡಿಸಿದರೆ ಹಳೆಯ ಫೈಲುಗಳೂ ಸರಿಹೋಗುತ್ತವೆ. ಪಕ್ಕದಲ್ಲಿ ಎಡಿಟರ್‌ಕಾನ್ಫಿಗ್ ಫೈಲಿರಲಿ. ಇಂಡೆಂಟ್ (ಸಾಲಿನ ಶುರುವಿನಲ್ಲಿ ಬಿಡುವ ಜಾಗ) ಎಷ್ಟು, ಫೈಲಿನ ಕೊನೆಯ ಸಾಲಿಗೂ ಸಾಲು ಮುಗಿದ ಗುರುತು ಬೇಕಾ, ಸಾಲಿನ ಬಾಲದಲ್ಲಿ ಉಳಿದ ಸ್ಪೇಸನ್ನು ಕತ್ತರಿಸಬೇಕಾ ಅನ್ನುವುದನ್ನು ಎಡಿಟರುಗಳು ಅದರಿಂದಲೇ ಓದಿಕೊಳ್ಳುತ್ತವೆ. ಕೆಲವು ಎಡಿಟರಿಗೆ ಮಾತ್ರ ಒಂದು ಪ್ಲಗಿನ್ ಹಾಕಬೇಕು.

ಈಗ ಹಳೇ ಕೋಡು. ಇಲ್ಲಿ ಅವಸರ ಮಾಡಬೇಡಿ. 2015ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡುವುದು ಬೇಡ. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಸಾವಿರಕ್ಕೂ ಜಾಸ್ತಿ ಜಾವಾ ಫೈಲುಗಳನ್ನು ಒಂದೇ ಏಟಿಗೆ ಫಾರ್ಮ್ಯಾಟ್ ಮಾಡಿದೆ. ಅದೇ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸುವ ಬದಲಾವಣೆಗಳ ಕಂತೆ) ಒಂದು ಬಗ್ ಕೂಡ ಸರಿಮಾಡಿ ಮರ್ಜ್ ಮಾಡಿಬಿಟ್ಟೆ, ಅಂದರೆ ಮುಖ್ಯ ಕೋಡಿಗೆ ಸೇರಿಸಿಬಿಟ್ಟೆ. ಐದು ಜನರ ಬ್ರಾಂಚ್, ಅಂದರೆ ಅವರವರು ಕೆಲಸ ಮಾಡುತ್ತಿದ್ದ ಬೇರೆ ಪ್ರತಿ, ತೆರೆದೇ ಇತ್ತು. ಸೋಮವಾರ ಬೆಳಗ್ಗೆ ಐವರಿಗೂ ಪ್ರತಿ ಫೈಲಿನಲ್ಲೂ ಕಾನ್‌ಫ್ಲಿಕ್ಟ್, ಗಿಟ್ ತಾನಾಗಿ ಸೇರಿಸಲಾರದ ಘರ್ಷಣೆ. ಅದರಲ್ಲಿ ಒಬ್ಬರು ಒಂಬತ್ತು ದಿನದ ಕೆಲಸವನ್ನು ಮತ್ತೆ ಕೈಯಲ್ಲೇ ಸೇರಿಸಬೇಕಾಯಿತು. ಬುಧವಾರ ಆ ಬಗ್ ಸರಿಮಾಡಿದ್ದೇ ತಪ್ಪು ಅಂತ ತಿಳಿಯಿತು. ವಾಪಸ್ ತೆಗೆಯೋಣ ಅಂದರೆ ಸಾವಿರ ಫೈಲಿನ ಜೊತೆ ಅದೂ ಅಂಟಿಕೊಂಡಿತ್ತು. ಆ ಸಹೋದ್ಯೋಗಿಯ ಮುಖ ನನಗೆ ಇವತ್ತಿಗೂ ನೆನಪಿದೆ. ಅವರು ಒಂದು ಮಾತೂ ಆಡಲಿಲ್ಲ.

ಹಾಗಾಗಿ ಮಂಡಿಗೆ ರಜೆ ಇರುವ, ನಿಮಗೆ ಫೋನ್ ಕಡಿಮೆ ಬರುವ ಒಂದು ದಿನ ಗೊತ್ತುಮಾಡಿ. ಎರಡು ವಾರ ಮುಂಚೆಯೇ ಎಲ್ಲರಿಗೂ ಹೇಳಿ. ತೆರೆದ ಬ್ರಾಂಚುಗಳನ್ನೆಲ್ಲ ಅವತ್ತಿನೊಳಗೆ ಸೇರಿಸಿ ಮುಗಿಸಿ. ಆಮೇಲೆ ಫಾರ್ಮ್ಯಾಟರ್ ಓಡಿಸಿ, ಬರೀ ಅದರದ್ದೇ ಒಂದು ಕಮಿಟ್ ಮಾಡಿ. ಅದರೊಳಗೆ ಕೈಯಿಂದ ಬರೆದ ಒಂದು ಅಕ್ಷರವೂ ಇರಬಾರದು.

"ಹಾಗೆ ಮಾಡಿದರೆ ಪ್ರತಿ ಸಾಲಿನ ಮೇಲೂ ನನ್ನ ಹೆಸರೇ ಬರುತ್ತದಲ್ಲ, ಯಾವ ಸಾಲು ಯಾರು ಯಾಕೆ ಬರೆದರು ಅಂತ ತಿಳಿಯುವುದು ಹೇಗೆ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಿಟ್ 2.23ರಿಂದ, ಅಂದರೆ 2019ರ ಆಗಸ್ಟ್‌ನಿಂದ ಅದಕ್ಕೂ ದಾರಿ ಇದೆ. ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಅನ್ನುವ ಹೆಸರಿನ ಫೈಲಿನಲ್ಲಿ ಆ ಕಮಿಟ್‌ನ ಗುರುತನ್ನು ಬರೆದಿಟ್ಟು, ಅದನ್ನು ನೋಡು ಅಂತ ಪ್ರತಿ ಯಂತ್ರದಲ್ಲೂ ಒಂದು ಸಲ ಸೆಟ್ ಮಾಡಿದರೆ, ಗಿಟ್ ಆ ಕಮಿಟ್ಟನ್ನು ದಾಟಿ ಅದರ ಹಿಂದಿನ ನಿಜವಾದ ಬರಹಗಾರರನ್ನು ತೋರಿಸುತ್ತದೆ. ಕೋಡ್ ಇಡುವ ಜಾಲತಾಣ ಗಿಟ್‌ಹಬ್ ಕೂಡ ಈ ಫೈಲನ್ನು ತಾನೇ ಓದಿಕೊಳ್ಳುತ್ತದೆ.

ಕಡ್ಡಾಯ ಅನ್ನುವುದು ಬರುವುದು ಈಗ. ಎರಡು ಜಾಗದಲ್ಲಿ ತಡೆಯಬಹುದು. ಒಂದು, ಅವರವರ ಲ್ಯಾಪ್‌ಟಾಪಿನಲ್ಲಿ ಕಮಿಟ್ ಮಾಡುವ ಮೊದಲು ತಾನಾಗಿ ಓಡುವ ಪರೀಕ್ಷೆ, ಹುಕ್. ಎರಡು, ಕೋಡ್ ಕಳಿಸಿದಾಗಲೆಲ್ಲ ಸರ್ವರಿನಲ್ಲಿ ತಾನಾಗಿ ಓಡುವ ಪರೀಕ್ಷೆ, ಸಿಐ. ಹುಕ್ ಒಳ್ಳೆಯದು, ಸಮಯ ಉಳಿಸುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ. ರೆಪೊ ಕ್ಲೋನ್ ಮಾಡಿ ತಮ್ಮ ಪ್ರತಿ ಇಳಿಸಿಕೊಂಡರೆ ಹುಕ್ ತಾನಾಗಿ ಬರುವುದಿಲ್ಲ, ಪ್ರತಿಯೊಬ್ಬರೂ ಹಾಕಿಕೊಳ್ಳಬೇಕು. ನೋ-ವೆರಿಫೈ ಅಂತ ಒಂದು ಪದ ಸೇರಿಸಿದರೆ ದಾಟಿಯೂ ಹೋಗಬಹುದು. ಕೊನೆಯ ಬಾಗಿಲು ಸಿಐ. ಅಲ್ಲಿ ಬ್ಲ್ಯಾಕ್ ಮತ್ತು ಪ್ರೆಟಿಯರನ್ನು ಚೆಕ್ ರೀತಿಯಲ್ಲಿ ಓಡಿಸಿ. ಅವು ಏನನ್ನೂ ಬದಲಾಯಿಸುವುದಿಲ್ಲ, ಸರಿ ಇಲ್ಲದಿದ್ದರೆ ಕೆಂಪು ತೋರಿಸುತ್ತವೆ. ಕೆಂಪು ಇದ್ದರೆ ಮುಖ್ಯ ಬ್ರಾಂಚಿಗೆ ಮರ್ಜ್ ಆಗದಂತೆ ಬೀಗ ಹಾಕಿ. ಆ ಬೀಗ ನಿಮಗೂ ಅನ್ವಯಿಸಬೇಕು. ನೀವು ಮುಖ್ಯಸ್ಥರು ಅಂತ ನಿಮಗೊಂದು ಹಿಂಬಾಗಿಲು ಇಟ್ಟುಕೊಂಡರೆ ಮೊದಲ ತಿಂಗಳಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ.

ಕೆಂಪು ಬಂದಾಗ ಏನು ಮಾಡಬೇಕು ಅಂತ ಅಲ್ಲೇ ಕನ್ನಡದಲ್ಲಿ ಒಂದು ಸಾಲು ಬರೆದಿಡಿ. ನಮ್ಮಲ್ಲಿ "ಈ ಕಮಾಂಡ್ ಓಡಿಸಿ ಮತ್ತೆ ಕಳಿಸಿ, ಬೇರೇನೂ ಬೇಕಿಲ್ಲ" ಅಂತ ಇದೆ. ಸುಮ್ನೆ ಕೆಂಪು ತೋರಿಸಿ ಬಿಟ್ಟರೆ ಹೊಸಬರು ಗಾಬರಿಯಾಗುತ್ತಾರೆ.

ನಿಮ್ಮ ಹನ್ನೊಂದು ಪುಟವನ್ನು ಎಸೆಯಬೇಡಿ. ಮತ್ತೆ ಓದಿ, ಯಂತ್ರ ನೋಡಿಕೊಳ್ಳುವುದನ್ನೆಲ್ಲ ಹೊಡೆದುಹಾಕಿ. ಒಂದೂವರೆ ಪುಟ ಉಳಿಯಬಹುದು. ಹಮಾಲಿಗೆ ಕೋಡಿನಲ್ಲಿ ಯಾವ ಹೆಸರಿಡಬೇಕು, ದುಡ್ಡನ್ನು ಪೈಸೆಯಲ್ಲಿ ಇಡಬೇಕಾ ರೂಪಾಯಿಯಲ್ಲಾ, ತೂಕ ಕಿಲೊದಲ್ಲಾ ಕ್ವಿಂಟಾಲಿನಲ್ಲಾ. ಇವು ಮನುಷ್ಯರು ಕೂತು ಮಾತಾಡಬೇಕಾದ ವಿಷಯ. ನಿಮ್ಮ ರಿವ್ಯೂ ಸಮಯ ಅಲ್ಲಿಗೆ ಹೋಗಲಿ. ಆ ಹುಡುಗನನ್ನು ಕರೆದು, ಫಾರ್ಮ್ಯಾಟರ್ ಕೂರಿಸುವ ಕೆಲಸವನ್ನು ಅವನ ಕೈಗೇ ಕೊಡಿ ಅಂತ ನನ್ನ ಸಲಹೆ.

ಪ್ರಶ್ನೆ: ಅಕ್ಕ, ನಮ್ಮೂರು ಮೊಳಕಾಲ್ಮೂರು. ಈಗ ಚಿತ್ರದುರ್ಗದಲ್ಲಿ ರೂಮ್ ಮಾಡಿಕೊಂಡು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದೇನೆ, ಸೇರಿ ಮೂರು ತಿಂಗಳು. ನನ್ನ ಮೊದಲ ಪುಲ್ ರಿಕ್ವೆಸ್ಟಿಗೆ 31 ಕಾಮೆಂಟ್ ಬಂದವು. ಕೂತು ಎಣಿಸಿದೆ, 27 ಸ್ಪೇಸು, ಖಾಲಿ ಸಾಲು, ಕೋಟ್ ಚಿಹ್ನೆ ಇಂಥವೇ. ಅಪ್ಪ ಮಗ್ಗದ ಮೇಲೆ ತಪ್ಪಿದ ಎಳೆ ತೋರಿಸುವಾಗ ಒಂದೇ ಸಲ ಬೆರಳಿಟ್ಟು ತೋರಿಸುತ್ತಿದ್ದರು. ಇಲ್ಲಿ ಅದೇ ತಪ್ಪನ್ನು ಹದಿನೈದು ಕಡೆ ಬರೆದಿದ್ದಾರೆ. ನನಗೆ ಈ ಕೆಲಸ ಬರುವುದೇ ಇಲ್ಲವೇನೋ ಅನ್ನಿಸಿ ಎರಡು ರಾತ್ರಿ ನಿದ್ದೆ ಬಂದಿಲ್ಲ.
— ಹೆಸರು ಬೇಡ, ಚಿತ್ರದುರ್ಗ

ಉತ್ತರ: ತಂಗಿ, ಮೊದಲು ನಿದ್ದೆ ಮಾಡು. ಆ 27 ಕಾಮೆಂಟಿನಲ್ಲಿ ನಿನ್ನ ಬುದ್ಧಿಯ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮ ತಂಡದಲ್ಲಿ ಫಾರ್ಮ್ಯಾಟರ್ ಇಲ್ಲ ಅನ್ನುವುದನ್ನು ಅವು 27 ಸಲ ಹೇಳಿವೆ, ಅಷ್ಟೇ. ಯಂತ್ರ ಅರೆಕ್ಷಣದಲ್ಲಿ ಮಾಡುವ ಕೆಲಸವನ್ನು ಒಬ್ಬ ಹಿರಿಯರು ಅರ್ಧ ಗಂಟೆ ಕೂತು ಮಾಡಿದ್ದಾರೆ. ಅವರಿಗೂ ಅದು ಸುಖದ ಕೆಲಸವಲ್ಲ.

ಉಳಿದ ನಾಲ್ಕನ್ನು ಬೇರೆ ತೆಗೆದಿಟ್ಟುಕೋ. ನೀನು ನಿಜವಾಗಿ ಕಲಿಯುವುದು ಅದರಲ್ಲಿದೆ. ಒಂದೊಂದಕ್ಕೂ ಮೊದಲು ಉತ್ತರ ಬರೆ, ಅರ್ಥವಾಗದಿದ್ದರೆ ಯಾಕೆ ಅಂತ ಕೇಳು. 27ಕ್ಕೆ ಒಟ್ಟಿಗೆ ಒಂದೇ ಉತ್ತರ ಸಾಕು: ಎಲ್ಲ ಸರಿಮಾಡಿದ್ದೇನೆ ಅಂತ.

ಎಡಿಟರಿನಲ್ಲಿ ಫೈಲ್ ಸೇವ್ ಮಾಡಿದ ಕೂಡಲೇ ಫಾರ್ಮ್ಯಾಟ್ ಆಗುವ ಸೆಟ್ಟಿಂಗ್ ಇರುತ್ತದೆ. ಆದರೆ ತಂಡ ಒಪ್ಪುವ ತನಕ ಅದನ್ನು ಕಂಪನಿಯ ಹಳೇ ಫೈಲುಗಳ ಮೇಲೆ ಓಡಿಸಬೇಡ. ನೀನು ಎರಡು ಸಾಲು ಮುಟ್ಟಿ ಇನ್ನೂರು ಸಾಲು ಬದಲಾದರೆ 31 ಹೋಗಿ 60 ಕಾಮೆಂಟ್ ಬರುತ್ತವೆ. ವಿಎಸ್ ಕೋಡ್ ಎಡಿಟರ್ ಬಳಸುತ್ತಿದ್ದರೆ, ನೀನು ಬದಲಾಯಿಸಿದ ಸಾಲುಗಳನ್ನು ಮಾತ್ರ ಫಾರ್ಮ್ಯಾಟ್ ಮಾಡುವ ಆಯ್ಕೆಯೂ ಅದರಲ್ಲಿದೆ. ಎಲ್ಲ ಫಾರ್ಮ್ಯಾಟರಿನ ಜೊತೆ ಅದು ನಡೆಯುವುದಿಲ್ಲ, ನಿಮ್ಮದರ ಜೊತೆ ನಡೆಯುತ್ತದಾ ನೋಡಿಕೋ.

ಇನ್ನೊಂದು ಕೆಲಸ ಮಾಡು. ನಿನ್ನ ಮುಂದಿನ ನಾಲ್ಕೈದು ಪುಲ್ ರಿಕ್ವೆಸ್ಟಿನ ಕಾಮೆಂಟುಗಳನ್ನೂ ಹೀಗೇ ಎಣಿಸಿ ಇಟ್ಟುಕೋ. ಆಮೇಲೆ ನಿಮ್ಮ ಲೀಡ್ ಹತ್ತಿರ ಹೋಗಿ, "ಸರ್, ಇಷ್ಟರಲ್ಲಿ ಇಷ್ಟು ಬರೀ ಸ್ಪೇಸಿನದ್ದು. ಒಂದು ಸಣ್ಣ ಫೋಲ್ಡರಿಗೆ ನಾನೇ ಫಾರ್ಮ್ಯಾಟರ್ ಹಾಕಿ ತೋರಿಸಲಾ?" ಅಂತ ಕೇಳು. ದೂರು ಹೇಳಿದ ಹಾಗಾಗುವುದಿಲ್ಲ. ಅವರ ಅರ್ಧ ಗಂಟೆಯನ್ನು ಅವರಿಗೇ ವಾಪಸ್ ಕೊಟ್ಟ ಹಾಗಾಗುತ್ತದೆ. ಮೂರು ತಿಂಗಳ ಹುಡುಗಿ ಕೇಳಬಹುದಾ ಅಂತ ಹಿಂಜರಿಯಬೇಡ. ನನ್ನ ಈಗಿನ ತಂಡಕ್ಕೆ ಇದನ್ನು ತಂದದ್ದು ಇಂಟರ್ನ್ ಆಗಿ ಬಂದ ಒಬ್ಬ ಹುಡುಗಿಯೇ.

ರಿವ್ಯೂ ಮಾಡುವ ಹಿರಿಯರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಹೊಸಬರ ಮೊದಲ ಕೋಡಿನಲ್ಲಿ ಒಂದೇ ಬಗೆಯ ತಪ್ಪು ಹದಿನೈದು ಕಡೆ ಇದ್ದರೆ ಒಂದೇ ಕಡೆ ಬರೆಯಿರಿ. ಜೊತೆಗೆ ಚೆನ್ನಾಗಿರುವ ಒಂದು ಸಾಲನ್ನೂ ಹುಡುಕಿ ಹೇಳಿ. ಇದ್ದೇ ಇರುತ್ತದೆ.

ಪ್ರಶ್ನೆ: ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಕಂಪೈಲರಿಗೆ ಸ್ಪೇಸ್ ಲೆಕ್ಕಕ್ಕಿಲ್ಲ. ಹಾಗಿದ್ದ ಮೇಲೆ ಇದೆಲ್ಲ ಬರೀ ಅಲಂಕಾರ ಅಲ್ವಾ? ಟ್ಯಾಬ್ ಒಳ್ಳೆಯದಾ, ಸ್ಪೇಸಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಿ ಥರದ ಭಾಷೆಗಳ ಕಂಪೈಲರಿಗೆ ಲೆಕ್ಕಕ್ಕಿಲ್ಲ, ನಿಜ. ಆದರೆ ನಮ್ಮ ಕಣ್ಣು ಇಂಡೆಂಟನ್ನೇ ನಂಬುತ್ತದೆ. ಕಂಪೈಲರೂ ಕಣ್ಣೂ ಬೇರೆ ಬೇರೆ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ 2014ರ ಫೆಬ್ರವರಿಯಲ್ಲಿ ಆಪಲ್‌ನ ಕೋಡಿನಲ್ಲಿ ಸಿಕ್ಕ ತಪ್ಪನ್ನು ನೋಡಿ. ಸುರಕ್ಷಿತ ಸಂಪರ್ಕಕ್ಕೆ ಮೊದಲು ಎದುರಿನ ಸರ್ವರ್ ನಿಜವಾದದ್ದಾ ಅಂತ ಪರೀಕ್ಷೆ ಮಾಡುವ ಸಿ ಕೋಡು ಅದು. ಒಂದು ಇಫ್ (ಹೀಗಿದ್ದರೆ ಮಾತ್ರ ಮಾಡು ಅನ್ನುವ ಷರತ್ತು) ಕೆಳಗೆ, ಮುಂದಿನದನ್ನು ಬಿಟ್ಟು ಕೊನೆಗೆ ಹಾರು ಅಂತ ಹೇಳುವ 'ಗೋಟು ಫೇಲ್' ಸಾಲು ಎರಡು ಸಲ ಬಂದಿತ್ತು. ಎರಡನ್ನೂ ಸೇರಿಸಿ ಹಿಡಿಯುವ ಬ್ರ್ಯಾಕೆಟ್ ಇರಲಿಲ್ಲ. ಎರಡೂ ಸಾಲು ಒಂದೇ ನೇರಕ್ಕೆ ಒಳಗೆ ಸರಿದು ಕೂತಿದ್ದರಿಂದ ಎರಡೂ ಇಫ್ ಒಳಗಿನವು ಅನ್ನಿಸುತ್ತಿತ್ತು. ಕಂಪೈಲರಿನ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಒಳಗೆ. ಎರಡನೆಯದು ಯಾವಾಗಲೂ ಓಡುತ್ತಿತ್ತು. ಅದರ ಕೆಳಗಿದ್ದ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ಅಷ್ಟೊಂದು ಫೋನುಗಳು ನಕಲಿ ಸರ್ವರನ್ನೂ ನಂಬುವ ಸ್ಥಿತಿಯಲ್ಲಿದ್ದವು. ಆ ಫೈಲಿನ ಮೇಲೆ ಫಾರ್ಮ್ಯಾಟರ್ ಓಡಿಸಿದ್ದರೆ ಎರಡನೆಯ ಸಾಲು ಎಡಕ್ಕೆ ಸರಿದು ಇಫ್‌ನ ನೇರಕ್ಕೇ ಬಂದು ನಿಲ್ಲುತ್ತಿತ್ತು. ನೋಡಿದವರಿಗೆ ಕೂಡಲೇ ಅನುಮಾನ ಬರುತ್ತಿತ್ತು. ಇಂಥ ದಾರಿ ತಪ್ಪಿಸುವ ಇಂಡೆಂಟ್ ಕಂಡರೆ ಎಚ್ಚರಿಸುವ ಸೌಲಭ್ಯವನ್ನು ಜಿಸಿಸಿ ಕಂಪೈಲರು 2016ರಲ್ಲಿ ಆರನೇ ಆವೃತ್ತಿಯ ಜೊತೆ ತಂದಿತು.

ಪೈಥಾನಿನಲ್ಲಿ ಇಂಡೆಂಟೇ ಅರ್ಥ. ಅಲ್ಲಿ ನೀವು ತಪ್ಪು ಇಂಡೆಂಟ್ ಕೊಟ್ಟರೆ ಯಾವ ಫಾರ್ಮ್ಯಾಟರೂ ಸರಿಮಾಡಲಾರದು.

ಟ್ಯಾಬಾ ಸ್ಪೇಸಾ ಅನ್ನುವುದಕ್ಕೆ: ಗೋ ಬರೆದರೆ ಟ್ಯಾಬ್, ಪೈಥಾನ್ ಬರೆದರೆ ನಾಲ್ಕು ಸ್ಪೇಸ್, ಸೇರಿದ ತಂಡದಲ್ಲಿ ಯಾವುದಿದೆಯೋ ಅದು. ಕಣ್ಣು ಮಂಜಾದವರಿಗೆ ಟ್ಯಾಬ್ ಅನುಕೂಲ. ತಮಗೆ ಬೇಕಾದಷ್ಟು ಅಗಲ ಮಾಡಿಕೊಂಡು ಓದಬಹುದು. ನಿಮ್ಮ ತಂಡದಲ್ಲಿ ಅಂಥವರಿದ್ದರೆ ಅವರ ಮಾತನ್ನು ಮೊದಲು ಕೇಳಿ.

ಪ್ರಶ್ನೆ: ಹದಿನೆಂಟು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ಸೆಸ್ಸು, ಕಮಿಷನ್ನು, ಹಮಾಲಿ ದರಗಳ ಪಟ್ಟಿಯನ್ನು ಅಂಕಿಯ ಕೆಳಗೆ ಅಂಕಿ ಬರುವಂತೆ ಕೈಯಲ್ಲಿ ಜೋಡಿಸಿದ್ದೆ. ನಮ್ಮ ಹುಡುಗರು ಬ್ಲ್ಯಾಕ್ ಓಡಿಸಿ ಎಲ್ಲ ಕಲಸಿಬಿಟ್ಟರು. ಅಂಕಿ ತಪ್ಪಿದರೆ ಈಗ ಕಣ್ಣಿಗೆ ಕಾಣುವುದಿಲ್ಲ. ಇದು ಸುಧಾರಣೆಯೇ?
— ಹಿರಿಯ ಪ್ರೋಗ್ರಾಮರ್, ದಾವಣಗೆರೆ

ಉತ್ತರ: ಸರ್, ಈ ವಿಷಯದಲ್ಲಿ ನ್ಯಾಯ ನಿಮ್ಮ ಕಡೆ ಇದೆ. ದರದ ಪಟ್ಟಿಯಲ್ಲಿ ಬಿಂದುವಿನ ಕೆಳಗೆ ಬಿಂದು ಬಂದರೆ 1.5 ಇರಬೇಕಾದ ಕಡೆ 15 ಬಿದ್ದದ್ದು ಒಂದೇ ನೋಟಕ್ಕೆ ಕಾಣುತ್ತದೆ. ಬ್ಲ್ಯಾಕಿಗೆ ಅದು ತಿಳಿಯುವುದಿಲ್ಲ. ಪಟ್ಟಿಯ ಮೇಲೊಂದು, ಕೆಳಗೊಂದು ಕಾಮೆಂಟ್ ಹಾಕಿ, ಫಮ್ಟ್ ಆಫ್ ಅಂತ ಶುರು, ಫಮ್ಟ್ ಆನ್ ಅಂತ ಕೊನೆ. ನಡುವಿನ ಸಾಲುಗಳನ್ನು ಅದು ಮುಟ್ಟುವುದಿಲ್ಲ. ಪ್ರೆಟಿಯರಿನಲ್ಲಿ ಪ್ರೆಟಿಯರ್-ಇಗ್ನೋರ್ ಅಂತ ಕಾಮೆಂಟ್ ಹಾಕಿದರೆ ಅದರ ಕೆಳಗಿನ ತುಂಡು ಹಾಗೇ ಉಳಿಯುತ್ತದೆ. ಯಾಕೆ ಬಿಟ್ಟಿದ್ದೇವೆ ಅನ್ನುವುದನ್ನು ಪಕ್ಕದಲ್ಲೇ ಬರೆದಿಡಿ, ಮುಂದೆ ಬರುವವರು ತೆಗೆದುಹಾಕುವುದಿಲ್ಲ.

ಒಂದು ಮಾತು ಕೇಳಬಹುದಾ? ಆ ದರಗಳು ಕೋಡಿನೊಳಗೆ ಯಾಕಿವೆ? ದರ ಬದಲಾದಾಗಲೆಲ್ಲ ನೀವೇ ಕೋಡ್ ತೆರೆಯಬೇಕು. ಅದನ್ನು ಬೇರೆ ಪಟ್ಟಿ ಫೈಲಿಗೋ ಡೇಟಾಬೇಸಿಗೋ ಸಾಗಿಸಿದರೆ ಫಾರ್ಮ್ಯಾಟರಿನ ತಂಟೆಯೇ ಇರುವುದಿಲ್ಲ, ಅಂಗಡಿಯವರೇ ನೋಡಿ ತಿದ್ದಬಹುದು. ನಿಮ್ಮ ಹುಡುಗರು ಕೇಳದೆ ಕಲಸಿದ್ದು ಮಾತ್ರ ತಪ್ಪು. ಹದಿನೆಂಟು ವರ್ಷ ಕೈಯಲ್ಲಿ ಜೋಡಿಸಿದವರನ್ನು ಒಂದು ಮಾತು ಕೇಳಬೇಕಿತ್ತು.

ಪ್ರಶ್ನೆ: ನಮ್ಮ ಕೋಡಿನಲ್ಲಿ ಬಿಲ್ಲಿನ ಮೇಲೆ ಬರುವ ಕನ್ನಡ ಪದಗಳೂ ಊರ ಹೆಸರುಗಳೂ ಇವೆ. ಫಾರ್ಮ್ಯಾಟರ್ ಓಡಿಸಿದರೆ ಅವು ಕೆಡುತ್ತವೆಯೇ? ಸಾಲಿನ ಉದ್ದ ನೋಡುವ ಲಿಂಟರು (ಕೋಡಿನ ತಪ್ಪು ಹುಡುಕುವ ಸಾಧನ) ಕನ್ನಡ ಸಾಲುಗಳನ್ನೇ ಹಿಡಿದು ಬೈಯುತ್ತಿದೆ.
— ಓದುಗರು, ಹೊಳಲ್ಕೆರೆ

ಉತ್ತರ: ಕೆಡುವುದಿಲ್ಲ. ಸ್ಟ್ರಿಂಗಿನ, ಅಂದರೆ ಕೋಡಿನಲ್ಲಿ ಕೋಟ್ ಒಳಗೆ ಬರೆದ ಪಠ್ಯದ, ಹೊರಗಿನ ಕೋಟ್ ಚಿಹ್ನೆ ಬದಲಾಗಬಹುದು, ಒಳಗಿನ ಕನ್ನಡ ಹಾಗೇ ಇರುತ್ತದೆ. ಉದ್ದದ ಸ್ಟ್ರಿಂಗನ್ನು ಬ್ಲ್ಯಾಕ್ ತಾನಾಗಿ ತುಂಡು ಮಾಡುವುದಿಲ್ಲ. ಎಡಿಟರ್‌ಕಾನ್ಫಿಗ್ ಫೈಲಿನಲ್ಲಿ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಉಳಿಸುವ ರೀತಿ) ಅಂತ ಬರೆಯುವುದನ್ನು ಮರೆಯಬೇಡಿ.

ಲಿಂಟರು ಬೈಯುವುದಕ್ಕೆ ಕಾರಣ ಇದೆ. ನಮಗೆ 'ದಾವಣಗೆರೆ' ಐದು ಅಕ್ಷರ. ಪೈಥಾನಿಗೆ ಎಂಟು, ಏಕೆಂದರೆ ದೀರ್ಘವನ್ನೂ ಎತ್ವವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಕನ್ನಡದ ಸಾಲು ಕಣ್ಣಿಗೆ ಗಿಡ್ಡ, ಲೆಕ್ಕಕ್ಕೆ ಉದ್ದ. ಬಿಲ್ಲಿನ ಪದಗಳನ್ನೆಲ್ಲ ಒಂದೇ ಫೈಲಿಗೆ ತಂದು, ಆ ಫೈಲಿಗೆ ಉದ್ದದ ನಿಯಮವನ್ನು ಸಡಿಲ ಮಾಡಿ.

ಆದರೆ ಯಾವ ಫಾರ್ಮ್ಯಾಟರೂ ಹಿಡಿಯದ ಒಂದು ತೊಂದರೆಯನ್ನು ನೀವೇ ನೋಡಿಕೊಳ್ಳಬೇಕು. ಒತ್ವವನ್ನು ಯುನಿಕೋಡಿನಲ್ಲಿ ಎರಡು ಥರ ಬರೆಯಬಹುದು. ಒಂದೇ ಗುರುತಾಗಿ ಬರೆಯಬಹುದು, ಎತ್ವದ ಮುಂದೆ ಊತ್ವ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿದರೆ ಬೇರೆ. ನಿಮ್ಮ ಹೊಳಲ್ಕೆರೆಯಲ್ಲೇ ಒತ್ವ ಇದೆ. ಹೊನ್ನಾಳಿ, ಹೊಸದುರ್ಗ, ಮೊಳಕಾಲ್ಮೂರು, ಕೊಂಡಜ್ಜಿ ಎಲ್ಲದರಲ್ಲೂ ಇದೆ. ಹಳೇ ಫಾಂಟಿನಿಂದ ಯುನಿಕೋಡಿಗೆ ಬದಲಾಯಿಸಿದ ಪಟ್ಟಿಯಲ್ಲಿ ಒಂದು ಥರ, ಈಗ ಕೀಲಿಮಣೆಯಲ್ಲಿ ಒತ್ತಿದ್ದು ಇನ್ನೊಂದು ಥರ ಇರಬಹುದು. ಆಗ ರೈತರ ಊರು ಹುಡುಕಿದರೆ ಪಟ್ಟಿಯಲ್ಲಿ ಕಣ್ಣೆದುರಿಗೇ ಇದ್ದರೂ ಸಿಗುವುದಿಲ್ಲ. ಹೆಸರನ್ನು ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಅನ್ನುವ, ಎರಡು ಥರವನ್ನೂ ಒಂದೇ ಮಾಡುವ ರೂಪಕ್ಕೆ ತನ್ನಿ, ಪೈಥಾನಿನ ಯುನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಅಂತ ಇದೆ. ಕೋಡಿನಲ್ಲಿರುವ ಕನ್ನಡ ಪದಗಳಿಗೂ ಅದೇ ಪರೀಕ್ಷೆಯನ್ನು ಸಿಐನಲ್ಲಿ ಸೇರಿಸಿಬಿಡಿ, ಹತ್ತು ಸಾಲಿನ ಕೆಲಸ. ಬರೆದು ಮುಗಿಸಿದ ಮೇಲೆ ಮೊದಲು ಹೊಳಲ್ಕೆರೆಯನ್ನೇ ಎರಡೂ ಥರ ಕೊಟ್ಟು ನೋಡಿ.